ಬಾಡಿಗೆ ಬರ್ದಿದೀರಿ, ಅಡ್ವಾನ್ಸ್ ಎಲ್ಲಿ?

ದಾವಣಗೆರೆಯ ಓದುಗರೊಬ್ಬರು ಬರ್ದಿದಾರೆ: ‘ಇಲ್ಲಿ ಸಂಬಳ 34,000, ಇರೋದು ಅಪ್ಪ ಕಟ್ಸಿದ ಮನೇಲಿ. ಬೆಂಗಳೂರಲ್ಲಿ 52,000ದ ಕೆಲಸ ಸಿಕ್ಕಿದೆ, ಬಾಡಿಗೆ 16,000 ಅಂತೆ. ಅದನ್ನ ಕಳೆದ್ರೂ 2,000 ಜಾಸ್ತಿ ಉಳಿಯುತ್ತೆ. ಹೆಂಡ್ತಿ ಮಗು ಕರ್ಕೊಂಡು ಹೋಗ್ಲಾ?’

ಅಕ್ಕಿ, ಹಾಲು, ಗ್ಯಾಸು ಅಂತ ಎರಡೂ ಊರಿನ ಖರ್ಚನ್ನ ಗೆರೆ ಎಳೆದು ಪಕ್ಕಪಕ್ಕ ಬರ್ದು ಕಳ್ಸಿದೀರಿ, ಇಷ್ಟು ಅಚ್ಚುಕಟ್ಟಾದ ಪತ್ರ ಬಂದು ಎಷ್ಟು ದಿನ ಆಗಿತ್ತೋ, ಓದಿ ಖುಷಿ ಆಯ್ತು. ಆದ್ರೆ ಅಡ್ವಾನ್ಸ್ ಎಲ್ಲಿ ಸ್ವಾಮಿ? ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ, ಈಗ ಐದಾರು ತಿಂಗಳಿಗೂ ಒಪ್ತಾರೆ. ಆರೇ ಅಂದ್ರೂ 96,000. ಸಾಲ ಮಾಡಿದ್ರೆ ನಿಮ್ಮ 2,000 ಕಂತಿಗೇ ಹೋಯ್ತು. ಮನೆ ಬಿಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೋತಾರೆ, ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗ್ಸಿ ಬಿಟ್ರೆ ತಿಂಗಳಿಗೆ ಸುಮಾರು 1,450 ಜಾಸ್ತಿ ಬಾಡಿಗೆ ಕೊಟ್ಟ ಹಾಗೇ ಆಯ್ತಲ್ಲ. ನಮ್ಮ ಆಫೀಸಿನ ಹುಡುಗನೊಬ್ಬ ಮನೆ ಖಾಲಿ ಮಾಡೋವಾಗ ಓನರ್ ಮೊಬೈಲ್ ಟಾರ್ಚ್ ಹಾಕ್ಕೊಂಡು ಗೋಡೆ ಮೇಲಿನ ಮೊಳೆ ತೂತು ಒಂದೊಂದೂ ತೋರ್ಸಿ ದುಡ್ಡು ಮುರ್ಕೊಂಡ್ರು, ಅದ್ರಲ್ಲಿ ಅರ್ಧ ತೂತು ಇವನು ಬರೋಕೂ ಮುಂಚಿನವು!

ಬೆಂಗಳೂರಿಗೆ ಹೋದ್ರೆ ಮುಂದೆ ಒಳ್ಳೇ ಕೆಲಸಕ್ಕೆ ದಾರಿ ಆಗುತ್ತೆ, ಅದನ್ನ ಒಪ್ತೀನಿ. ಆದ್ರೆ ಅಮ್ಮ ಮಗು ನೋಡ್ಕೊಳ್ಳೋದು, ಊರಿಂದ ಬರೋ ಜೋಳ, ಮಧ್ಯಾಹ್ನ ಮನೆಗೆ ಬಂದು ಊಟ ಮಾಡೋದು, ಇದಕ್ಕೆಲ್ಲ ನಿಮ್ಮ ಪಟ್ಟೀಲಿ ಒಂದು ಸಾಲೂ ಇಲ್ಲ. ಅಲ್ಲಿ ಇವೆಲ್ಲದಕ್ಕೂ ದುಡ್ಡು ಎಣಿಸ್ಬೇಕು. ಮೆಟ್ರೋದಲ್ಲಿ ಅತಿ ಹೆಚ್ಚಿನ ಟಿಕೆಟ್ 2025ರ ಫೆಬ್ರವರೀಲಿ 60ರಿಂದ 90 ರೂಪಾಯಿಗೆ ಹೋಯ್ತು. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿನ ರೇಟನ್ನ ಜಿಲ್ಲಾಡಳಿತಾನೇ ಫಿಕ್ಸ್ ಮಾಡೋ ಪರಿಸ್ಥಿತಿ ಬಂತು.

ಸರ್ಕಾರಕ್ಕೆ ಈ ವ್ಯತ್ಯಾಸ ಗೊತ್ತಿಲ್ವಾ? ಚೆನ್ನಾಗೇ ಗೊತ್ತು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಡಿಎ, ಅಂದ್ರೆ ತುಟ್ಟಿಭತ್ಯೆ, ಶೇ. 50 ಮುಟ್ಟಿದ ಮೇಲೆ ಕೇಂದ್ರ ನೌಕರರಿಗೆ ಬೆಂಗಳೂರಲ್ಲಿ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ. 30, ಮೈಸೂರು-ಹುಬ್ಬಳ್ಳೀಲಿ 20, ದಾವಣಗೆರೇಲಿ 10. ಪ್ರೈವೇಟ್ ಕೆಲಸದವ್ರಿಗೆ ಮಾತ್ರ ಯಾರ ಆಸರೆಯೂ ಇಲ್ಲ. ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೋಬಾರ್ದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೇಲಿ ಇದೆ, ಆದ್ರೆ ರಾಜ್ಯ ತಾನೇ ಕಾಯ್ದೆ ಮಾಡದೆ ಅದು ಜಾರಿಗೆ ಬರಲ್ಲ.

ನನ್ನ ಸಂಕಟ ಇನ್ನೂ ಒಂದಿದೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು ನಿಮ್ದು, ಕಾಟನ್ ಮಿಲ್ಲುಗಳು ಹೋದ್ಮೇಲೆ ಆ ಜಾಗಕ್ಕೆ ಏನು ಬಂತು? ಕಾಲೇಜು ಬಂದ್ವು, ಅಲ್ಲಿ ಓದಿದ ಮಕ್ಕಳು ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತಬೇಕು, ದುಡಿದಿದ್ದನ್ನ ಓನರ್ ಕೈಗೆ ಇಡಬೇಕು. ಕೆಲಸಾನೇ ಊರಿಗೆ ಬರ್ಲಿ ಅಂತ ಯಾರೂ ಯಾಕೆ ಗಟ್ಟಿಯಾಗಿ ಕೇಳಲ್ಲ?

ಆಫರ್ ಲೆಟರ್‌ಗೆ ಸಹಿ ಹಾಕೋ ಮುಂಚೆ ಎಚ್‌ಆರ್ ಹತ್ರ ಮಾತಾಡಿ, ಅಡ್ವಾನ್ಸ್‌ಗೆ ಬಡ್ಡಿ ಇಲ್ಲದ ಸಾಲ ಕೊಡ್ತಾರಾ, ಸಾಮಾನು ಸಾಗ್ಸೋ ಖರ್ಚು ಯಾರ್ದು, ಎಲ್ಲಾ ಕೇಳಿ. ಸಂಬಳ 60,000ಕ್ಕಿಂತ ಕಮ್ಮಿ ಆದ್ರೆ ನಾನಂತೂ ಹೋಗಿ ಅನ್ನಲ್ಲ.

– ಸಂಪಾದಕ