ಅಕ್ಕಿಯಿಂದ ಮಾಡಿದ ಜಪಾನಿನ ಮದ್ಯ ಸಾಕೆಗೆ ಹಣ್ಣಿನ ಘಮ ಎಲ್ಲಿಂದ ಬರುತ್ತದೆ?

ಯೀಸ್ಟ್‌ನಿಂದ. ಹಣ್ಣು ಏನೂ ಹಾಕಿರುವುದಿಲ್ಲ.

ಜಪಾನಿನಲ್ಲಿ ಗಿಂಜೊ ಎಂಬ ಬಗೆಯ ಸಾಕೆಗೆ ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡುತ್ತಾರೆ ಅಂದರೆ, ಕಾಳಿನಲ್ಲಿ ಉಳಿಯುವುದು ಹೆಚ್ಚೆಂದರೆ 60%. ಅದಕ್ಕಿಂತ ಮೇಲ್ದರ್ಜೆಯ ದೈಗಿಂಜೊ ಆದರೆ 50% ಮೀರುವಂತಿಲ್ಲ. ಇಷ್ಟೊಂದು ಅಕ್ಕಿ ಯಾಕೆ ಸವೆಸಬೇಕು ಅಂತೀರಾ? ಕಾಳಿನ ಹೊರಪದರದಲ್ಲಿ ಕೊಬ್ಬಿನ ಅಂಶ ಜಾಸ್ತಿ, ಅದು ಇದ್ದರೆ ಯೀಸ್ಟ್ ಘಮದ ವಸ್ತುಗಳನ್ನು ಕಡಿಮೆ ತಯಾರಿಸುತ್ತದೆ. ಆ ಕೊಬ್ಬು ಹೋಗಿ, ಸುಮಾರು 10 ಡಿಗ್ರಿ ತಣ್ಣಗಿನಲ್ಲಿ ವಾರಗಟ್ಟಲೆ ನಿಧಾನವಾಗಿ ಹುದುಗಿದಾಗ ಎಸ್ಟರ್‌ಗಳು, ಅಂದರೆ ಹಣ್ಣುಗಳಲ್ಲೂ ಇರುವ ಘಮದ ರಾಸಾಯನಿಕಗಳು, ಚೆನ್ನಾಗಿ ಹುಟ್ಟಿ ಸಾಕೆಯಲ್ಲೇ ಉಳಿಯುತ್ತವೆ. ಈಥೈಲ್ ಕ್ಯಾಪ್ರೋಯೇಟ್ ಸೇಬಿನ ಪರಿಮಳ ಕೊಡುತ್ತದೆ. ಬಾಳೆಹಣ್ಣಿನ ಪರಿಮಳ ಐಸೋಅಮೈಲ್ ಅಸಿಟೇಟ್‌ನದು, ಮಾಗಿದ ಬಾಳೆಹಣ್ಣಿನಲ್ಲಿ ಇರುವುದೂ ಇದೇ ವಸ್ತು! ನನಗಂತೂ ಇದು ಇವತ್ತಿಗೂ ಅಚ್ಚರಿ.

ಕುಡಿಯುವಾಗ ಗಿಂಜೊವನ್ನು 10–15 ಡಿಗ್ರಿ ತಂಪಿನಲ್ಲಿ, ಬಾಯಿ ಸ್ವಲ್ಪ ಕಿರಿದಾದ ವೈನ್ ಗ್ಲಾಸಿಗೆ ಹಾಕಿ, ಮೊದಲು ಮೂಸಿ, ಆಮೇಲೆ ಸಣ್ಣ ಗುಟುಕು ಕುಡಿದು ಬಾಯಲ್ಲಿ ಒಂದು ಕ್ಷಣ ಇಟ್ಟುಕೊಳ್ಳಿ. ಜೋರಾಗಿ ಬಿಸಿ ಮಾಡಿದರೆ ಘಮ ಹಾರಿಹೋಗುತ್ತದೆ, ದಯವಿಟ್ಟು ಬೇಡ. ಅಕ್ಕಿಯ ರುಚಿ ಗಟ್ಟಿಯಾಗಿರುವ ಜುನ್ಮೈ ಸಾಕೆಯಾದರೆ 40–45 ಡಿಗ್ರಿಗೆ ಬೆಚ್ಚಗೆ ಮಾಡಿ ಕುಡಿಯಬಹುದು, ಅದರ ರುಚಿ ಆಗಲೇ ಇನ್ನೂ ತುಂಬಿಕೊಳ್ಳುತ್ತದೆ.