ಪಕ್ಕದಲ್ಲಿ 900 ಫ್ಲ್ಯಾಟ್ ಬರುತ್ತಿದೆ, ನಮ್ಮ ಮಾತು ಎಲ್ಲಿ ಹೇಳಬೇಕು?

ಪ್ರಶ್ನೆ: ಸರ್, ನಾವು ಬೆಂಗಳೂರಿನ ವರ್ತೂರು ಕಡೆ ಒಂದು ಲೇಔಟ್‌ನಲ್ಲಿ ಇದ್ದೇವೆ. ಪಕ್ಕದ 11 ಎಕರೆಯಲ್ಲಿ 900 ಫ್ಲ್ಯಾಟು, ಜೊತೆಗೆ 2 ಲಕ್ಷ ಚದರ ಅಡಿಯ ಆಫೀಸು ಮತ್ತು ಮಾಲ್ ಬರುತ್ತದಂತೆ. ಈಗಲೇ ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಗಾಡಿಗಳು ಮುಂದೆ ಹೋಗುವುದಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಆ ಜಾಗದ ಒಂದು ಬದಿಗೆ ಸಣ್ಣ ಕೆರೆ ಇದೆ, ಇನ್ನೊಂದು ಬದಿಗೆ ಕಾಲುವೆ. ಸಾರ್ವಜನಿಕ ಅಹವಾಲು ಸಭೆ ಕರೆದಾಗ ಎಲ್ಲರೂ ಒಟ್ಟಿಗೆ ಹೋಗಿ ವಿರೋಧಿಸೋಣ ಎಂದು ಕಾಯುತ್ತಿದ್ದೇವೆ. ಹೇಗೆ ತಯಾರಾಗಬೇಕು?

ಉತ್ತರ: ಮೊದಲು ಕಾಯುವುದನ್ನು ಬಿಡಿ. ಆ ಸಭೆ ಕರೆಯುವುದೇ ಇಲ್ಲ.

ತುಂಬಾ ಬಡಾವಣೆಗಳ ಜನ ಇಲ್ಲೇ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ಗಣಿಗೆ, ದೊಡ್ಡ ಕಾರ್ಖಾನೆಗೆ ಅಹವಾಲು ಸಭೆ ನಡೆಯುವುದನ್ನು ಪೇಪರಿನಲ್ಲಿ ಓದಿರುತ್ತೀರಿ, ಹಾಗಾಗಿ ಇದಕ್ಕೂ ಇರುತ್ತದೆ ಅನ್ನಿಸುವುದು ಸಹಜ. ಆದರೆ 2006ರ ಸೆಪ್ಟೆಂಬರ್ 14ರ ಕೇಂದ್ರದ ಪರಿಸರ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. 900 ಮನೆ ಅಂದರೆ ಒಂದು ಊರು. ಆ ಊರು ಪಕ್ಕದಲ್ಲಿ ಎದ್ದು ನಿಲ್ಲುವಾಗ ಅಕ್ಕಪಕ್ಕದವರನ್ನು ಕೂರಿಸಿ ಕೇಳುವ ಏರ್ಪಾಡು ಇಲ್ಲದಿರುವುದು ತಪ್ಪು ಎಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಕಾನೂನು ಬದಲಾಗುವವರೆಗೆ ನಿಮ್ಮ ಯೋಜನೆ ನಿಲ್ಲುವುದಿಲ್ಲ, ಅಲ್ವಾ? ನಿಮ್ಮ ಮಾತು ಹೋಗಬೇಕಾದದ್ದು ಕಾಗದದ ಮೇಲೆ, ಸರಿಯಾದ ಕಡತಕ್ಕೆ, ಸರಿಯಾದ ವಾರದಲ್ಲಿ.

ಮೊದಲು ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿ. ಬೆಂಗಳೂರಿಗೆ ಇವತ್ತಿಗೂ ಆಧಾರ 2007ರಲ್ಲಿ ಮಂಜೂರಾದ 2015ರ ಪರಿಷ್ಕೃತ ಮಹಾಯೋಜನೆ. 2031ರ ಕರಡು 2017ರಲ್ಲಿ ಬಂತು, ಆಮೇಲೆ ವಾಪಸ್ ಹೋಯಿತು. ಹಳೇ ನಕ್ಷೆಯಲ್ಲಿ ಆ ಸರ್ವೆ ನಂಬರು ವಸತಿ ವಲಯದಲ್ಲಿದೆಯೋ, ವಾಣಿಜ್ಯವೋ, ಕೃಷಿಯೋ? ಕೃಷಿ ವಲಯವಾಗಿದ್ದು ಭೂಬಳಕೆ ಬದಲಾಯಿಸಬೇಕಿದ್ದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕರೆಯಲೇಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು ಎಂದೂ ಅದೇ ಕಲಂ ಹೇಳುತ್ತದೆ. ಪ್ರಕಟಣೆ ಪುಟ್ಟ ಅಕ್ಷರದಲ್ಲಿ ಒಳಪುಟದಲ್ಲಿ ಬರುತ್ತದೆ, ಸರ್ವೆ ನಂಬರು ಮತ್ತು ಹಳ್ಳಿಯ ಹೆಸರು ಬಿಟ್ಟರೆ ಗುರುತು ಸಿಗುವಂಥದ್ದು ಹೆಚ್ಚೇನೂ ಇರುವುದಿಲ್ಲ, ಆದ್ದರಿಂದ ನಿಮ್ಮ ಲೇಔಟ್‌ನಲ್ಲಿ ಪೇಪರ್ ಓದುವ ಹಿರಿಯರೊಬ್ಬರಿಗೆ ಈ ಕೆಲಸ ವಹಿಸಿ. ಜಾಗ ಈಗಾಗಲೇ ವಸತಿ ವಲಯದಲ್ಲಿದ್ದರೆ ಈ ಬಾಗಿಲು ಇಲ್ಲ.

ಆಗ ಉಳಿಯುವುದು ಪರಿಸರ ಅನುಮತಿ. ನಿಜವಾದ ಪರಿಶೀಲನೆ ನಡೆಯುವುದು ಇಲ್ಲೇ, ಜನ ಕಡಿಮೆ ನೋಡುವ ಜಾಗವೂ ಇದೇ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರಾಜ್ಯ ಮಟ್ಟದ ತಜ್ಞರ ಮೌಲ್ಯಮಾಪನ ಸಮಿತಿ ಅದನ್ನು ನೋಡಿ ಶಿಫಾರಸು ಮಾಡುತ್ತದೆ, ರಾಜ್ಯ ಪರಿಸರ ಪರಿಣಾಮ ಮೌಲ್ಯಮಾಪನ ಪ್ರಾಧಿಕಾರ ಅನುಮತಿ ಕೊಡುತ್ತದೆ. ಅಧಿಸೂಚನೆಯ ಲೆಕ್ಕದಲ್ಲಿ ಸಮಿತಿಗೆ 60 ದಿನ, ಪ್ರಾಧಿಕಾರಕ್ಕೆ 45 ದಿನ. ನಿಮಗೆ ಸಿಗುವ ಸಮಯವೂ ಅಷ್ಟೇ.

ಈಗ ನಿಮ್ಮ ಯೋಜನೆಯನ್ನೇ ಲೆಕ್ಕ ಹಾಕೋಣ. ಬಿಲ್ಟ್ ಅಪ್ ಏರಿಯಾ 1,50,000 ಚದರ ಮೀಟರ್ ಮುಟ್ಟಿದರೆ ಅದು ಟೌನ್‌ಶಿಪ್ ಗುಂಪಿಗೆ ಸೇರುತ್ತದೆ, ಪೂರ್ತಿ ಪರಿಸರ ಪರಿಣಾಮ ವರದಿ ತಯಾರಿಸಬೇಕಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ನಿಗದಿತ ಫಾರಂ ಮತ್ತು ಕಾನ್ಸೆಪ್ಟ್ ಪ್ಲಾನ್ ಸಾಕು. ಹಾಗಾಗಿ 1,50,000ದ ಸ್ವಲ್ಪ ಕೆಳಗೆ ನಿಲ್ಲುವ ಯೋಜನೆ ಕಂಡರೆ ನಾನು ಮೊದಲು ಬೇಸ್‌ಮೆಂಟ್ ಹುಡುಕುತ್ತೇನೆ. ಫ್ಲ್ಯಾಟ್ ಸರಾಸರಿ 1,400 ಚದರ ಅಡಿ ಎಂದುಕೊಂಡರೆ 900ಕ್ಕೆ ಸುಮಾರು 1,17,000 ಚದರ ಮೀಟರ್. ಆಫೀಸು, ಮಾಲ್ ಸೇರಿ ಇನ್ನೊಂದು 18,600. ಒಟ್ಟು 1,35,600, ಮಿತಿಯ ಒಳಗೇ ಇದ್ದ ಹಾಗೆ ಕಾಣುತ್ತದೆ. ಆದರೆ ಬೇಸ್‌ಮೆಂಟ್‌ನಲ್ಲಿ ಒಂದು ಕಾರಿಗೆ ಓಡಾಡುವ ದಾರಿ ಸೇರಿ ಸುಮಾರು 32 ಚದರ ಮೀಟರ್ ಬೇಕು. ಮನೆಗೆ ಒಂದೇ ಕಾರು ಅಂದರೂ 28,800. ಈಗ 1,64,400 ಆಯಿತು. ಬಿಲ್ಟ್ ಅಪ್ ಏರಿಯಾ ಅಂದರೆ ಬೇಸ್‌ಮೆಂಟ್ ಮತ್ತು ಸರ್ವಿಸ್ ಜಾಗಗಳೂ ಸೇರಿದ್ದು ಎಂದು 2011ರ ಏಪ್ರಿಲ್ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಅರ್ಜಿಯಲ್ಲಿ ಯಾವ ಸಂಖ್ಯೆ ಇದೆ ನೋಡಿ. ಹಾಗೆಯೇ ವಸತಿಗೆ ಒಂದು ಅರ್ಜಿ, ಮಾಲ್‌ಗೆ ಬೇರೆ ಕಂಪನಿ ಹೆಸರಲ್ಲಿ ಇನ್ನೊಂದು ಅರ್ಜಿ ಬಂದಿದೆಯೋ ನೋಡಿ. ಗೇಟು, ರಸ್ತೆ, ಕೊಳಚೆ ಶುದ್ಧೀಕರಣ ಘಟಕ ಎರಡಕ್ಕೂ ಒಂದೇ ಆಗಿದ್ದರೆ ಅದು ಒಂದೇ ಯೋಜನೆ ಎಂದು ನೀವು ವಾದಿಸಬಹುದು.

ನೀರಿನ ಲೆಕ್ಕ ಇನ್ನೂ ಸುಲಭ. ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ 6,07,500 ಲೀಟರ್ ಆಗುತ್ತದೆ. ಅದರಲ್ಲಿ ಟಾಯ್ಲೆಟ್ ಫ್ಲಶ್‌ಗೆ ತಲೆಗೆ 45 ಲೀಟರ್ ಶುದ್ಧೀಕರಿಸಿದ ನೀರನ್ನೇ ಬಳಸಿದರೂ ಹೊಸ ನೀರು 4,05,000 ಲೀಟರ್ ಬೇಕು. 12,000 ಲೀಟರಿನ ಟ್ಯಾಂಕರ್‌ನಲ್ಲಿ ತಂದರೆ ದಿನಕ್ಕೆ 34 ಟ್ಯಾಂಕರ್, ಅದೂ ಆಫೀಸು ಮತ್ತು ಮಾಲ್ ಬಿಟ್ಟು. ಈ ನೀರು ಎಲ್ಲಿಂದ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದಿರುತ್ತಾರೆ. ಜಲಮಂಡಳಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದ್ದರೆ ಅದರ ಷರತ್ತುಗಳನ್ನು ಸಾಲು ಸಾಲಾಗಿ ಓದಿ. 110 ಹಳ್ಳಿಗಳಿಗೆಂದು 775 ಎಂಎಲ್‌ಡಿಯ (ದಿನಕ್ಕೆ 77.5 ಕೋಟಿ ಲೀಟರ್) ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಸರಿ. ಆದರೆ ನಿಮ್ಮ ಬೀದಿಯ ಪೈಪಿನಲ್ಲಿ ಅದು ವಾರಕ್ಕೆ ಎಷ್ಟು ಹೊತ್ತು ಬರುತ್ತದೆ ಎಂದು ಹೇಳಬಲ್ಲವರು ನೀವೇ. ಒಂದು ತಿಂಗಳು ಬರೆದಿಟ್ಟು ಟ್ಯಾಂಕರ್ ರಸೀದಿಗಳ ಜೊತೆ ಲಗತ್ತಿಸಿ. ಸಮಿತಿಯ ಮುಂದೆ ಬಿಲ್ಡರ್ ಕನ್ಸಲ್ಟೆಂಟ್ ಹಾಕುವ ಸ್ಲೈಡಿನಲ್ಲಿ ಈ ಮಾಹಿತಿ ಇರುವುದಿಲ್ಲ.

ಕೆರೆ, ಕಾಲುವೆ ವಿಷಯಕ್ಕೆ ಗ್ರಾಮ ನಕ್ಷೆ ತೆಗೆಯಿರಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರೂ ಗೊತ್ತಾಗುತ್ತದೆ. ಪಹಣಿಯಲ್ಲಿ ಬಿ ಖರಾಬು ಎಷ್ಟು ಗುಂಟೆ ಎಂದು ನೋಡಿ. ಹಳ್ಳ, ದಾರಿ, ಗುಂಡುತೋಪು ಅಂತ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ಅದು. ಬಿಲ್ಡರ್ ಕೊಂಡ ಲೆಕ್ಕದಲ್ಲಿ ಸೇರುವುದಿಲ್ಲ. ಆದರೂ ಸೈಟ್ ಪ್ಲಾನಿನಲ್ಲಿ ಅದರ ಮೇಲೆ ಪಾರ್ಕು, ಡ್ರೈವ್‌ವೇ ಬಿಡಿಸಿರುವುದನ್ನು ನಾನು ನೋಡಿದ್ದೇನೆ. 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಅಂಚು), ರಾಜಕಾಲುವೆಗೆ ದರ್ಜೆಯ ಪ್ರಕಾರ ಕಾಲುವೆಯ ನಡುವಿನಿಂದ 50, 25, 15 ಮೀಟರ್. ಕೆರೆಗೆ 75 ಮೀಟರ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹಸಿರು ನ್ಯಾಯಮಂಡಳಿಯ 2016ರ ಆದೇಶ, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಭಾಗವನ್ನು ರದ್ದು ಮಾಡಿತು. ಆಕ್ಷೇಪಣೆಯಲ್ಲಿ ತಪ್ಪು ಸಂಖ್ಯೆ ಒಂದಿದ್ದರೂ ಉಳಿದ ಒಂಬತ್ತು ಸರಿ ಮಾತುಗಳು ಅದರ ಜೊತೆ ಕಸದ ಬುಟ್ಟಿಗೆ ಹೋಗುತ್ತವೆ. ಈ ಅಳತೆಗಳನ್ನು ಬದಲಾಯಿಸುವ ಪ್ರಯತ್ನ ಸರ್ಕಾರದಲ್ಲೂ ನಡೆದಿರುವುದರಿಂದ, ಬರೆಯುವ ದಿನ ಜಾರಿಯಲ್ಲಿ ಏನಿದೆ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ.

ರಸ್ತೆಗೆ ಒಂದೇ ಮಾತು. ಟ್ರಾಫಿಕ್ ವರದಿಯಲ್ಲಿ ಗಾಡಿ ಎಣಿಸಿದ ತಾರೀಖು ನೋಡಿ. ಶಾಲೆಗೆ ರಜೆ ಇದ್ದ ದಿನ ಎಣಿಸಿದ್ದರೆ ಆ ವರದಿಗೆ ಬೆಲೆ ಇಲ್ಲ ಎಂದು ಬರೆಯಿರಿ. ಎಷ್ಟು ಮಹಡಿ ಕಟ್ಟಬಹುದು ಎನ್ನುವುದು ರಸ್ತೆ ಅಗಲದ ಮೇಲೂ ನಿಂತಿದೆ, ಆದ್ದರಿಂದ ಪ್ಲಾನಿನಲ್ಲಿ ತೋರಿಸಿದ ಅಗಲ ನೆಲದ ಮೇಲೆ ಇದೆಯೋ ಇಲ್ಲವೋ ಟೇಪ್ ಹಿಡಿದು ಅಳೆದು ಫೋಟೋ ತೆಗೆಯಿರಿ.

ಬರೆಯುವ ರೀತಿ ಬಗ್ಗೆ. ‘ಈ ಯೋಜನೆ ಬೇಡ’ ಎಂದು 300 ಜನ ಸಹಿ ಮಾಡಿದ ಪತ್ರಕ್ಕಿಂತ, ‘ಅರ್ಜಿಯ ಇಂಥ ಪುಟದಲ್ಲಿ ಬೇಸ್‌ಮೆಂಟ್ ಬಿಟ್ಟಿದ್ದಾರೆ, ಸೈಟ್ ಪ್ಲಾನಿನಲ್ಲಿ ಬಿ ಖರಾಬು ತೋರಿಸಿಲ್ಲ’ ಎಂದು ಒಬ್ಬರೇ ಬರೆದ ಎರಡು ಪುಟಕ್ಕೆ ತೂಕ ಜಾಸ್ತಿ. ಪ್ರಸ್ತಾವನೆ ಸಂಖ್ಯೆ ಮೇಲ್ಗಡೆ ಇರಲಿ. ಸಮಿತಿಯ ಸಭೆಗೆ ಮುಂಚೆ ತಲುಪಲಿ, ಅಜೆಂಡಾ ಮೊದಲೇ ಪ್ರಕಟವಾಗುತ್ತದೆ. ಇಮೇಲ್ ಜೊತೆ ಸ್ಪೀಡ್ ಪೋಸ್ಟ್ ಕೂಡ ಕಳಿಸಿ, ಸ್ವೀಕೃತಿ ಚೀಟಿ ಎತ್ತಿಡಿ. ಯೋಜನೆ ನಿಲ್ಲುವುದಿಲ್ಲ ಅನ್ನಿಸಿದರೆ ಷರತ್ತು ಕೇಳಿ: ರಸ್ತೆ ಅಗಲವಾಗುವ ಮುಂಚೆ ಮಾಲ್‌ಗೆ ಒಸಿ (ಕಟ್ಟಡ ಬಳಸಲು ಕೊಡುವ ಪ್ರಮಾಣಪತ್ರ) ಕೊಡಬಾರದು, ಕಾವೇರಿ ನೀರು ಬರುವ ಮುಂಚೆ ಎರಡನೇ ಹಂತ ಶುರುವಾಗಬಾರದು, ಹೀಗೆ. 20,000 ಚದರ ಮೀಟರಿಗಿಂತ ದೊಡ್ಡ ವಸತಿ ಜಾಗದಲ್ಲಿ 10% ಪಾರ್ಕಿಗೆ, 5% ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ನಿಮ್ಮ 11 ಎಕರೆ ಅಂದರೆ 44,500 ಚದರ ಮೀಟರ್. ಆ ಪಾರ್ಕು ಗೇಟಿನ ಒಳಗೆ ಅವಿತುಕೊಳ್ಳದೆ ಸಾರ್ವಜನಿಕ ರಸ್ತೆಗೆ ತಾಗಿ ಇರಲಿ ಎಂದು ಈಗಲೇ ಕೇಳಿ, ಕಾಂಪೌಂಡ್ ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕಡತ ಸಿಗದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ನಕಲು ಕೇಳುವ ಬದಲು ಕಡತ ಪರಿಶೀಲನೆಗೆ ಕೇಳಿ, ಹೋಗಿ ಕೂತು ನೋಡಿ. ಟಿಪ್ಪಣಿ ಹಾಳೆಗಳಲ್ಲಿ ಅಧಿಕಾರಿಗಳೇ ಎತ್ತಿದ ಆಕ್ಷೇಪಗಳು ಸಿಗುವುದುಂಟು.

ಅನುಮತಿ ಸಿಕ್ಕೇಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಡವಾದದ್ದಕ್ಕೆ ಸಕಾರಣ ಇದ್ದರೆ ಇನ್ನೂ 60 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ನಮ್ಮ ದಕ್ಷಿಣ ಪೀಠ ಚೆನ್ನೈನಲ್ಲಿದೆ.

ಪ್ರಶ್ನೆ: ನಾನು ಇಂಥದೇ ಒಂದು ದೊಡ್ಡ ಪ್ರಾಜೆಕ್ಟ್‌ನಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದೇನೆ. ಕ್ಲಬ್‌ಹೌಸ್ ಮತ್ತು ತೋಟ ಎಂದು ತೋರಿಸಿದ್ದ ಜಾಗದಲ್ಲಿ ಈಗ ಆಫೀಸ್ ಟವರ್ ಬರುತ್ತದೆ ಅಂತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ಫೋನ್ ಮೇಲೆ ಫೋನ್. ಹಾಕಲಾ?

ಉತ್ತರ: ಓದದೆ ಹಾಕಬೇಡಿ ಮೇಡಂ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಪ್ರಕಾರ ಮಂಜೂರಾದ ಪ್ಲಾನ್, ಲೇಔಟ್ ಅಥವಾ ಸಾಮಾನ್ಯ ಜಾಗಗಳನ್ನು ಬದಲಾಯಿಸಲು ಬಿಲ್ಡರ್ ಬಿಟ್ಟು ಉಳಿದ ಖರೀದಿದಾರರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಒಬ್ಬರು ಎಷ್ಟೇ ಫ್ಲ್ಯಾಟ್ ಕೊಂಡಿದ್ದರೂ ಅವರದು ಒಂದೇ ಒಪ್ಪಿಗೆ. ಅಷ್ಟು ಫೋನ್ ಬರುತ್ತಿರುವುದು ನಿಮ್ಮ ಸಹಿಗೆ ಬೆಲೆ ಇರುವುದರಿಂದಲೇ. ಬುಕಿಂಗ್ ಫಾರಂನಲ್ಲಿ ‘ಮುಂದಿನ ಎಲ್ಲ ಬದಲಾವಣೆಗೂ ಒಪ್ಪಿದ್ದೇನೆ’ ಎಂಬ ಸಾಲು ಇರಬಹುದು. ಅದನ್ನು ತೋರಿಸಿ ಹೆದರಿಸಿದರೆ, ಈ ಬದಲಾವಣೆಗೆ ಬೇರೆಯಾಗಿ ಒಪ್ಪಿಗೆ ಕೊಟ್ಟಿಲ್ಲ ಎಂದು ಲಿಖಿತವಾಗಿ ತಿಳಿಸಿ. ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ನಿಮ್ಮ ಪ್ರಾಜೆಕ್ಟಿನ ಮಂಜೂರಾದ ಪ್ಲಾನ್ ಇರುತ್ತದೆ. ಇವತ್ತೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಬಡಾವಣೆಗೆ ನೋಂದಾಯಿತ ಸಂಘ ಇಲ್ಲ. ಒಬ್ಬನೇ ಆಕ್ಷೇಪಣೆ ಕೊಟ್ಟರೆ ನಡೆಯುತ್ತದೆಯೇ?

ಉತ್ತರ: ಖಂಡಿತ ನಡೆಯುತ್ತದೆ. 14ಎ ಪ್ರಕಟಣೆಗೆ ಯಾರು ಬೇಕಾದರೂ ಉತ್ತರಿಸಬಹುದು. ಪರಿಸರ ಅನುಮತಿಯಿಂದ ಬಾಧೆಗೊಳಗಾದ ಯಾವ ವ್ಯಕ್ತಿಯಾದರೂ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ಆದರೂ ನಾಲ್ಕು ಮನೆಯವರು ತಮ್ಮ ತಮ್ಮ ಹೆಸರಲ್ಲಿ ಬೇರೆ ಬೇರೆ ಪತ್ರ ಬರೆದರೆ ಒಳ್ಳೆಯದು. ಒಬ್ಬರು ನೀರಿನ ಬಗ್ಗೆ, ಒಬ್ಬರು ಕಾಲುವೆ ಬಗ್ಗೆ ಎಂದು ಹಂಚಿಕೊಳ್ಳಿ. ಆಗ ಒತ್ತಡ ಒಬ್ಬರ ಮೇಲೇ ಬೀಳುವುದಿಲ್ಲ. ಬಿಲ್ಡರ್ ಕಡೆಯವರು ಮನೆಗೆ ಬಂದರೆ ಬಾಯಿಮಾತಿನಲ್ಲಿ ಏನೂ ಒಪ್ಪಿಕೊಳ್ಳಬೇಡಿ, ಹೇಳುವುದನ್ನು ಬರೆದು ಕೊಡಿ ಎಂದು ಕೇಳಿ.