ಡಾಕ್ಟರೇಟ್ ಇಲ್ಲದೆ ರೋಲಾಂ ಬಾರ್ತ್ ಪ್ರಾಧ್ಯಾಪಕರಾದದ್ದು ಹೇಗೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಡಾಕ್ಟರೇಟ್ ಇಲ್ಲದ ಫ್ರೆಂಚ್ ಸಾಹಿತ್ಯ ವಿಮರ್ಶಕ ರೋಲಾಂ ಬಾರ್ತ್, ಪ್ಯಾರಿಸ್ಸಿನ ಪ್ರತಿಷ್ಠಿತ ವಿದ್ಯಾಸಂಸ್ಥೆ ಕಾಲೇಜ್ ದ ಫ್ರಾನ್ಸ್‌ನ ಪೀಠಕ್ಕೆ ಏರಿದ್ದು ಹೇಗೆ ಎಂಬುದು ಒಂದು, ಫ್ರೆಂಚ್ ಎಂ.ಎ. ಮುಗಿಸಿರುವ ನೀವೂ ಪಿಎಚ್‌.ಡಿ. ಗೊಡವೆಯೇ ಬೇಡವೆಂದು ಅದೇ ದಾರಿ ಹಿಡಿಯಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ.

ಬಾರ್ತ್ ಪದವಿಗಳನ್ನು ಧಿಕ್ಕರಿಸಿ ಹೊರಬಂದ ಬಂಡಾಯಗಾರ ಎಂದುಕೊಂಡವರಿದ್ದಾರೆ. ಹಾಗೇನೂ ಇಲ್ಲ. ಅವರ ದಾರಿಗೆ ಅಡ್ಡ ಬಂದದ್ದು ಕ್ಷಯರೋಗ. ಅದು ಮೊದಲು ಕಾಣಿಸಿಕೊಂಡದ್ದು 1934ರಲ್ಲಿ, ಅವರಿಗೆ ಹದಿನೆಂಟು ವರ್ಷವಿದ್ದಾಗ. ಪ್ರತಿಭಾವಂತರನ್ನು ಪರೀಕ್ಷೆಯಿಂದ ಆರಿಸಿಕೊಳ್ಳುವ ಎಕೋಲ್ ನಾರ್ಮಾಲ್ ಸೇರುವ ಆಸೆ ಅಲ್ಲಿಗೇ ಮುಗಿಯಿತು. ಪ್ಯಾರಿಸ್ಸಿನ ವಿಶ್ವವಿದ್ಯಾಲಯವಾದ ಸೋರ್ಬಾನ್‌ನಲ್ಲಿ ಓದಿದರೂ ಅಧ್ಯಾಪಕ ವೃತ್ತಿಯ ಹೆಬ್ಬಾಗಿಲಾದ ಅಗ್ರೆಗಾಸಿಯೋಂ ಪರೀಕ್ಷೆ ಕೈಗೂಡಲಿಲ್ಲ. ಯುದ್ಧದ ವರ್ಷಗಳ ಬಹುಪಾಲು ಆರೋಗ್ಯಧಾಮಗಳಲ್ಲೇ ಕಳೆಯಿತು. ಅಲ್ಲಿ ಮಲಗಿಕೊಂಡೇ ಇತಿಹಾಸಕಾರ ಮಿಶ್ಲೆಯ ಸಂಪುಟಗಳನ್ನು ಓದಿ, ಹಿಡಿಸಿದ ವಾಕ್ಯಗಳನ್ನು ಚೀಟಿಗಳಿಗೆ ಇಳಿಸಿಕೊಂಡರು. ಆ ಚೀಟಿಗಳ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪಕ್ಕೆಲುಬಿನ ತುಂಡೊಂದನ್ನು ವೈದ್ಯರು ಅವರ ಕೈಗೇ ಕೊಟ್ಟರು. ಅದನ್ನು ಹಳೆಯ ಬೀಗದ ಕೈಗಳ ಜೊತೆ ಮೇಜಿನ ಖಾನೆಯಲ್ಲಿ ಬಹಳ ಕಾಲ ಇಟ್ಟುಕೊಂಡಿದ್ದು, ಕೊನೆಗೊಂದು ದಿನ ಪ್ಯಾರಿಸ್ಸಿನ ಮನೆಯ ಬಾಲ್ಕನಿಯಿಂದ ಬೀದಿಗೆ ಎಸೆದೆನೆಂದು ಅವರೇ ಬರೆದುಕೊಂಡಿದ್ದಾರೆ. ಸ್ವಂತ ಎಲುಬನ್ನೂ ಓದಬೇಕಾದ ಪಠ್ಯದಂತೆ ನೋಡುವ ಮನುಷ್ಯ!

ಆಮೇಲಿನದೆಲ್ಲ ಅಲ್ಲಿಲ್ಲಿ ಸಿಕ್ಕಿದ ಕೆಲಸಗಳು. ಬುಕಾರೆಸ್ಟ್, ಅನಂತರ ಅಲೆಕ್ಸಾಂಡ್ರಿಯಾ. ಈಜಿಪ್ಟಿನಲ್ಲಿ ಭಾಷಾವಿಜ್ಞಾನಿ ಗ್ರೇಮಾಸ್ ಪರಿಚಯವಾಗಿ ಭಾಷಾವಿಜ್ಞಾನದ ರುಚಿ ಹತ್ತಿತು. ಪ್ಯಾರಿಸ್ಸಿಗೆ ಮರಳಿದ ಮೇಲೆ ಸಂಶೋಧನಾ ವೇತನ ಸಿಕ್ಕಿತು, ನಡುವೆ ನಿಂತೂ ಹೋಯಿತು. ಕುಸ್ತಿ, ಸಾಬೂನಿನ ಪುಡಿ, ಹೊಸ ಸಿಟ್ರೋಯೆನ್ ಕಾರು ಇವುಗಳ ಮೇಲೆ ಪತ್ರಿಕೆಗೆ ಬರೆದ ಬಿಡಿ ಲೇಖನಗಳೇ 1957ರಲ್ಲಿ ‘ಮಿಥಾಲಜೀಸ್’ ಆದವು. ಡಾಕ್ಟರೇಟಿಗೆಂದು ಆರಂಭಿಸಿದ ಫ್ಯಾಶನ್ ಕುರಿತ ಅಧ್ಯಯನವೂ ಪ್ರಬಂಧವಾಗಲಿಲ್ಲ, 1967ರಲ್ಲಿ ನೇರವಾಗಿ ಪುಸ್ತಕವಾಯಿತು.

ಹಾಗಾದರೆ ಬಾಗಿಲು ತೆರೆದದ್ದು ಎಲ್ಲಿ? ವಿಶ್ವವಿದ್ಯಾಲಯದ ಪಕ್ಕದ ಮನೆಯಲ್ಲಿ. ಫ್ರಾನ್ಸಿನಲ್ಲಿ ಎಕೋಲ್ ಪ್ರಾತೀಕ್ ಎಂಬ ಸಂಸ್ಥೆಯಿದೆ. ಅಲ್ಲಿ ಕಲಿಸಲು ಸೋರ್ಬಾನ್ ಕೇಳುತ್ತಿದ್ದ ಪದವಿಗಳು ಆಗ ಕಡ್ಡಾಯವಾಗಿರಲಿಲ್ಲ. 1962ರಲ್ಲಿ ಬಾರ್ತ್ ಅಲ್ಲಿ ಅಧ್ಯಯನ ನಿರ್ದೇಶಕರಾದರು. ಬಲ್ಗೇರಿಯಾದಿಂದ ಬಂದು ಮುಂದೆ ಸಾಹಿತ್ಯ ಚಿಂತಕರಾಗಿ ಹೆಸರಾದ ತೊದೊರೊವ್, ಕ್ರಿಸ್ತೇವಾ ಇಬ್ಬರೂ ಬಾರ್ತ್ ಸೆಮಿನಾರಿನಲ್ಲಿ ಕುಳಿತವರು. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕನ ‘ಸಾರಾಸೀನ್’ ಎಂಬ ಒಂದೇ ಕಥೆಯನ್ನು 561 ತುಣುಕುಗಳಾಗಿ ಬಿಡಿಸಿ ಓದಿದ ‘ಎಸ್/ಜೆಡ್’ ಅಲ್ಲಿನ ಪಾಠದಿಂದಲೇ ಹುಟ್ಟಿದ್ದು. ನಮ್ಮಲ್ಲಿ ಬಾರ್ತ್ ಎಂದರೆ ‘ಲೇಖಕನ ಸಾವು’ ಎಂಬ ಪುಟ್ಟ ಲೇಖನಕ್ಕೇ ಮಾತು ನಿಂತುಬಿಡುತ್ತದೆ. ನನ್ನನ್ನು ಕೇಳಿದರೆ ಅವರ ನಿಜವಾದ ಕಸುಬು ಕಾಣುವುದು ಈ 561 ತುಣುಕುಗಳಲ್ಲಿ.

ಸೋರ್ಬಾನ್ ಸುಮ್ಮನೆ ಕೂರಲಿಲ್ಲ. ರಾಸೀನ್‌ನ ನಾಟಕಗಳ ಮೇಲೆ ಬಾರ್ತ್ 1963ರಲ್ಲಿ ಬರೆದ ಪುಸ್ತಕವನ್ನು ಅಲ್ಲಿನ ರಾಸೀನ್ ತಜ್ಞ ರೇಮೋಂ ಪಿಕಾರ್ 1965ರಲ್ಲಿ ಕಿರುಹೊತ್ತಗೆಯೊಂದರಲ್ಲಿ ಹಿಗ್ಗಾಮುಗ್ಗಾ ಝಾಡಿಸಿದರು, ಇದು ಮೋಸ ಎಂದೇ ಕರೆದರು. ಮರುವರ್ಷ ಬಾರ್ತ್ ಉತ್ತರ ಕೊಟ್ಟರು. ಜಗಳದಿಂದ ಲಾಭವಾದದ್ದು ಬಾರ್ತ್‌ಗೇ. ಸೋರ್ಬಾನ್‌ನ ಹಳೆಯ ಪದ್ಧತಿಗೆ ಎದುರು ನಿಂತ ‘ಹೊಸ ವಿಮರ್ಶೆ’ಗೆ ಒಂದು ಮುಖ ಸಿಕ್ಕಿತು.

ಕಾಲೇಜ್ ದ ಫ್ರಾನ್ಸ್ ಕೂಡ ಇಂಥದೇ ಇನ್ನೊಂದು ಪಕ್ಕದ ಮನೆ. ಅದು ಪದವಿ ಕೊಡುವ ಸಂಸ್ಥೆಯಲ್ಲ. ಅಲ್ಲಿನ ಪ್ರಾಧ್ಯಾಪಕರೇ ಮತ ಹಾಕಿ ಹೊಸಬರನ್ನು ಆರಿಸುತ್ತಾರೆ. 1976ರಲ್ಲಿ ಬಾರ್ತ್ ಹೆಸರು ಸೂಚಿಸಿದವರು ಅಲ್ಲೇ ಪ್ರಾಧ್ಯಾಪಕರಾಗಿದ್ದ ತತ್ವಚಿಂತಕ ಮಿಶೆಲ್ ಫೂಕೋ. 1977ರ ಜನವರಿ 7ರ ಮೊದಲ ಉಪನ್ಯಾಸದಲ್ಲೇ, ಈ ವೃತ್ತಿಗೆ ಬೇಕಾದ ಪದವಿಗಳು ತನ್ನಲ್ಲಿಲ್ಲವೆಂದು ಬಾರ್ತ್ ಎಲ್ಲರೆದುರು ಹೇಳಿದರು. ಆಗ ಅವರಿಗೆ ಅರವತ್ತೊಂದು ವರ್ಷ. ಮೂರೇ ವರ್ಷದಲ್ಲಿ, ಕಾಲೇಜಿನ ಎದುರಿನ ರಸ್ತೆ ದಾಟುವಾಗ ಲಾಂಡ್ರಿಯ ವ್ಯಾನ್ ಬಡಿದು, ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ವಿಷಯ. ನಮ್ಮ ವ್ಯವಸ್ಥೆಯಲ್ಲಿ ಇಂಥ ಪಕ್ಕದ ಮನೆಗಳು ಇಲ್ಲವೆಂದೇ ಹೇಳಬೇಕು. ಫ್ರೆಂಚ್‌ನಲ್ಲೂ ಅಧ್ಯಾಪಕ ಅರ್ಹತೆಯ ನೆಟ್ ಪರೀಕ್ಷೆ ಇದೆ. ಮೊದಲು ಅದನ್ನು ಮುಗಿಸಿ. ಪಿಎಚ್‌.ಡಿ.ಗೆ ನೋಂದಾಯಿಸುವಾಗ ವಿಷಯವನ್ನು ಮಾತ್ರ ಮಾರ್ಗದರ್ಶಕರ ಮರ್ಜಿಗೆ ಬಿಡದೆ ನೀವೇ ಆರಿಸಿಕೊಳ್ಳಿ.